ವಿಜ್ಞಾನದ ಲೆಕ್ಕಕ್ಕೆ ಪ್ರೋಗ್ರಾಮಿಂಗ್: ಎಲ್ಲಿಂದ ಶುರು ಮಾಡಬೇಕು?

ಕಾರವಾರ, ಕುಮಟಾ, ಶಿರಸಿ ಕಡೆಯ ಬಿ.ಎಸ್ಸಿ. ವಿದ್ಯಾರ್ಥಿಗಳು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ. "ನ್ಯೂಮರಿಕಲ್ ಮೆಥಡ್ಸ್ ಪೇಪರಿನಲ್ಲಿ ಪಾಸಾಗಿದ್ದೇನೆ, ಕಂಪ್ಯೂಟರಿನಲ್ಲಿ ಮಾಡು ಎಂದರೆ ಕೈ ಓಡುವುದಿಲ್ಲ. ಮೊದಲು ಯಾವ ಭಾಷೆ ಕಲಿಯಲಿ? ಪೈಥಾನ್ ಪೂರ್ತಿ ಮುಗಿಸಿ ಆಮೇಲೆ ಇದಕ್ಕೆ ಬರಲೇ? ದುಬಾರಿ ಲ್ಯಾಪ್‌ಟಾಪ್ ಬೇಕೇ?" ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ಭಾಷೆ ಪೂರ್ತಿ ಕಲಿತ ಮೇಲೆ ಲೆಕ್ಕಕ್ಕೆ ಕೈ ಹಾಕುತ್ತೇನೆ ಎಂದು ಹೊರಟವರಲ್ಲಿ ಹೆಚ್ಚಿನವರು ಲೆಕ್ಕದ ತನಕ ಬರುವುದೇ ಇಲ್ಲ. ಭಾಷೆಯನ್ನೂ ವಿಧಾನವನ್ನೂ ಜೊತೆಜೊತೆಗೇ ಕಲಿಯಿರಿ. ಒಂದು ನಿಯಮವನ್ನು ಮಾತ್ರ ಮೊದಲ ದಿನದಿಂದಲೇ ಬಿಡಬೇಡಿ: ಪ್ರತಿ ಹೊಸ ಪ್ರೋಗ್ರಾಂಗೂ ಮೊದಲು ಉತ್ತರ ಗೊತ್ತಿರುವ ಲೆಕ್ಕವನ್ನು ಕೊಡಿ. ಅದು ಸರಿಯಾಗಿ ಬಂದ ಮೇಲಷ್ಟೇ ಉತ್ತರ ಗೊತ್ತಿಲ್ಲದ ಲೆಕ್ಕ ಕೊಡಿ. ಕಂಪ್ಯೂಟರ್ ತಪ್ಪು ಉತ್ತರವನ್ನೂ ಹದಿನಾರು ಅಂಕಿಗಳಲ್ಲಿ ಅಚ್ಚುಕಟ್ಟಾಗಿ ಬರೆದು ಕೊಡುತ್ತದೆ. ಅದನ್ನು ಹಿಡಿಯಬೇಕಾದವರು ನೀವು.

ನ್ಯೂಮರಿಕಲ್ ಮೆಥಡ್ ಅಂದರೆ ಏನು ಎನ್ನುವುದನ್ನು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ. ಸೂತ್ರ ಹಾಕಿ ನೇರವಾಗಿ ಬಿಡಿಸಲಾಗದ ಸಮೀಕರಣವನ್ನು, ಬರೀ ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ಕೆಲಸವನ್ನೇ ಮತ್ತೆ ಮತ್ತೆ ಮಾಡಿ, ನಮಗೆ ಸಾಕಾಗುವಷ್ಟು ನಿಖರವಾಗಿ ಬಿಡಿಸುವ ಕ್ರಮ ಅದು.

ಏನೇನು ಬೇಕು

ಪಿ.ಯು. ಮಟ್ಟದ ಗಣಿತ ಸಾಕು. ಅವಕಲನ ಅಂದರೆ ಬದಲಾವಣೆಯ ದರ, ಅನುಕಲನ ಅಂದರೆ ಸಣ್ಣ ಸಣ್ಣ ತುಂಡುಗಳ ಮೊತ್ತ ಎಂಬುದು ಮನಸ್ಸಿಗೆ ಹತ್ತಿದ್ದರೆ ಮುಂದುವರಿಯಬಹುದು. 4 ಜಿಬಿ ರ್‍ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್ ಈ ಲೇಖನದ ಎಲ್ಲ ಕೆಲಸಕ್ಕೂ ಧಾರಾಳ. ಅದೂ ಇಲ್ಲದಿದ್ದರೆ ಆಂಡ್ರಾಯ್ಡ್ ಮೊಬೈಲಿನಲ್ಲಿ ಪೈಡ್ರಾಯ್ಡ್ ಎಂಬ ಆ್ಯಪ್ ಹಾಕಿಕೊಂಡು ಶುರು ಮಾಡಬಹುದು.

ಭಾಷೆ ಪೈಥಾನ್ ಇರಲಿ. ಉಚಿತ, ಓದಲು ಸುಲಭ, ವಿಜ್ಞಾನದ ಕೆಲಸಕ್ಕೆ ಬೇಕಾದ ಸಿದ್ಧ ಫಂಕ್ಷನ್‌ಗಳ ಸಂಗ್ರಹವೂ ದೊಡ್ಡದು. ನಿಮ್ಮ ಕಾಲೇಜಿನಲ್ಲಿ ಸೈಲ್ಯಾಬ್ ಅಥವಾ ಸಿ ಕಲಿಸುತ್ತಿದ್ದರೆ ಅದರಲ್ಲೇ ಮಾಡಿ, ವಿಧಾನ ಬದಲಾಗುವುದಿಲ್ಲ. ಗೂಗಲ್ ಕೊಲ್ಯಾಬ್ ಬ್ರೌಸರಿನಲ್ಲೇ ಓಡುತ್ತದೆ, ಚೆನ್ನಾಗಿಯೂ ಇದೆ. ಆದರೆ ಮಳೆಗಾಲದಲ್ಲಿ ಘಟ್ಟದ ಮೇಲಿನ ಊರುಗಳಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಒಟ್ಟಿಗೇ ಹೋಗುತ್ತವೆ. ಹಾಗಾಗಿ ಇಂಟರ್ನೆಟ್ ಇಲ್ಲದೆ ನಡೆಯುವ ವ್ಯವಸ್ಥೆಯನ್ನು ಮೊದಲೇ ಮಾಡಿಕೊಳ್ಳಿ. ಥಾನಿ ಎಂಬ ಪುಟ್ಟ ಸಾಫ್ಟ್‌ವೇರ್ ಹೊಸಬರಿಗೆ ಬಹಳ ಒಳ್ಳೆಯದು. ಪ್ರೋಗ್ರಾಮನ್ನು ಒಂದೊಂದೇ ಸಾಲು ಓಡಿಸಿ, ಆಯಾ ಹೊತ್ತಿನಲ್ಲಿ ಯಾವ ವೇರಿಯೇಬಲ್‌ನಲ್ಲಿ (ಬೆಲೆಯನ್ನು ಹೆಸರಿಟ್ಟು ಇಡುವ ಜಾಗದಲ್ಲಿ) ಎಷ್ಟು ಬೆಲೆ ಇದೆ ಎಂದು ತೋರಿಸುತ್ತದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನ ಕೆಲವು ಪಾಠಗಳಿಗೆ ಕನ್ನಡ ಧ್ವನಿಯೂ ಇದೆ. ಇಂಗ್ಲಿಷಿಗೆ ಹೆದರುವವರು ಅಲ್ಲಿಂದ ಹತ್ತಬಹುದು.

ಇವೆಲ್ಲದರ ಜೊತೆ ಒಂದು ನೋಟ್‌ಬುಕ್, ಒಂದು ಕ್ಯಾಲ್ಕ್ಯುಲೇಟರ್. ಇವು ಇಲ್ಲದಿದ್ದರೆ ಮೊದಲ ಹಂತವೇ ಆಗುವುದಿಲ್ಲ.

1. ಕಂಪ್ಯೂಟರ್ ಮುಟ್ಟುವ ಮೊದಲು ಕೈಯಲ್ಲಿ ಒಂದು ಲೆಕ್ಕ

ಬಲೆಗೆ ಕಟ್ಟುವ ಪ್ಲಾಸ್ಟಿಕ್ ತೇಲುಗುಂಡನ್ನು ನೋಡಿದ್ದೀರಿ. ಅದು ಪೂರ್ಣ ಗೋಲ, ಅದರ ಸಾಂದ್ರತೆ ಸಮುದ್ರದ ನೀರಿನ 0.6 ಪಾಲು ಎಂದುಕೊಳ್ಳೋಣ. ಎಷ್ಟು ಆಳ ಮುಳುಗುತ್ತದೆ? ಆರ್ಕಿಮಿಡೀಸ್ ತತ್ವದಿಂದ ಹೊರಟು, ಗೋಲದ ತ್ರಿಜ್ಯವನ್ನು 1 ಎಂದಿಟ್ಟರೆ, ಮುಳುಗಿದ ಆಳ 'ಆ'ಗೆ ಈ ಸಮೀಕರಣ ಸಿಗುತ್ತದೆ:

ಆ³ − 3ಆ² + 2.4 = 0

ಆ = 1 ಹಾಕಿದರೆ ಎಡಬದಿಯ ಬೆಲೆ +0.4. ಆ = 2 ಹಾಕಿದರೆ −1.6. ಚಿಹ್ನೆ ಬದಲಾಯಿತು, ಅಂದರೆ ಉತ್ತರ ಈ ಎರಡರ ನಡುವೆ ಇದೆ. ಈಗ ನಡುವಿನ 1.5 ಹಾಕಿ. ಋಣ ಬಂತು, ಹಾಗಾದರೆ ಉತ್ತರ 1 ಮತ್ತು 1.5ರ ನಡುವೆ. ಹೀಗೆ ಪ್ರತಿ ಸಲ ಅರ್ಧ ಮಾಡುತ್ತ ಹೋಗುವುದೇ ಬೈಸೆಕ್ಷನ್, ಅಂದರೆ ಅರ್ಧಿಸುವ ವಿಧಾನ. ಹತ್ತು ಸಲ ಅರ್ಧಿಸಿದರೆ ಅಂತರ 1024ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇಪ್ಪತ್ತು ಸಲಕ್ಕೆ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ.

ಐದಾರು ಸಲ ಕ್ಯಾಲ್ಕ್ಯುಲೇಟರಿನಲ್ಲೇ ಮಾಡಿ, ನೋಟ್‌ಬುಕ್ಕಿನಲ್ಲಿ ಕಂಬಸಾಲು ಹಾಕಿ ಬರೆಯಿರಿ: ಎಡ ತುದಿ, ಬಲ ತುದಿ, ನಡು, ನಡುವಿನಲ್ಲಿ ಬೆಲೆ. ಪ್ರೋಗ್ರಾಂನಲ್ಲಿ ಯಾವ ಯಾವ ವೇರಿಯೇಬಲ್ ಬೇಕು ಎಂಬುದು ಆ ಕಂಬಸಾಲಿನ ತಲೆಬರಹಗಳಲ್ಲೇ ಇದೆ. ಕೈಯಲ್ಲಿ ಮಾಡಲು ಬಾರದ್ದನ್ನು ಕಂಪ್ಯೂಟರಿಗೆ ಹೇಳಿಕೊಡಲು ಆಗುವುದಿಲ್ಲ. ಈ ಹಂತವನ್ನು ಹಾರಿಸಬೇಡಿ.

2. ಮೊದಲ ಪ್ರೋಗ್ರಾಂ: ಒಂದು ಲೂಪ್

ಲೂಪ್ ಅಂದರೆ ಒಂದೇ ಕೆಲಸವನ್ನು ಹೇಳಿದಷ್ಟು ಸಲ ಮಾಡಿಸುವ ಆದೇಶ. ಅದನ್ನು ಕಲಿಯಲು 14ನೇ ಶತಮಾನದ ಕೇರಳದ ಗಣಿತಜ್ಞ ಮಾಧವನ ಶ್ರೇಣಿಗಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ:

ಪೈ = 4 × (1 − 1/3 + 1/5 − 1/7 + …)

ನೂರು ಪದಗಳನ್ನು ಕೂಡಿಸುವ ಪ್ರೋಗ್ರಾಂ ಬರೆಯಿರಿ. ಉತ್ತರ 3.13159 ಬರಬೇಕು. ನೂರು ಪದ ಕೂಡಿಸಿದರೂ ಎರಡನೆಯ ದಶಮಾಂಶವೇ ತಪ್ಪು! ಈ ಶ್ರೇಣಿ ಅಷ್ಟು ನಿಧಾನ. ಇದು ಕೇರಳದ ಗಣಿತಜ್ಞರಿಗೂ ಗೊತ್ತಿತ್ತು. ಅದಕ್ಕೇ ಅವರು ಕೊನೆಯಲ್ಲಿ ಸೇರಿಸಬೇಕಾದ ತಿದ್ದುಪಡಿಯ ಪದಗಳನ್ನೂ ಕೊಟ್ಟರು. ಅವುಗಳಲ್ಲಿ ಅತಿ ಸರಳವಾದದ್ದನ್ನು ಬಳಸಿದರೆ, ನೂರು ಪದಗಳ ನಂತರ ಉತ್ತರಕ್ಕೆ 1/100 ಸೇರಿಸಬೇಕು ಅಷ್ಟೆ. ಆಗ 3.1415929 ಬರುತ್ತದೆ, ನಿಜವಾದ ಬೆಲೆ 3.1415927. ಕಂಪ್ಯೂಟರನ್ನು ಲಕ್ಷಗಟ್ಟಲೆ ಸಲ ತಿರುಗಿಸುವ ಮೊದಲು ವಿಧಾನವನ್ನೇ ಚುರುಕು ಮಾಡಬಹುದೇ ಎಂದು ಯೋಚಿಸುವ ಅಭ್ಯಾಸ ಇಲ್ಲಿಂದಲೇ ಬರಲಿ.

ಹೊಸಬರು ಎಡವುವ ಜಾಗಗಳು: ಪೈಥಾನ್ ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡುತ್ತದೆ, ಹಾಗಾಗಿ ನೂರರ ಬದಲು 99 ಅಥವಾ 101 ಪದ ಕೂಡಿಸಿರುತ್ತೀರಿ. ಘಾತಕ್ಕೆ ಟೋಪಿ ಚಿಹ್ನೆ (^) ಹಾಕಿದರೆ ಪೈಥಾನ್ ಬೇರೇನನ್ನೋ ಮಾಡುತ್ತದೆ, ಎರಡು ನಕ್ಷತ್ರ (**) ಹಾಕಬೇಕು. ಸಾಲಿನ ಮೊದಲಲ್ಲಿ ಬಿಡುವ ಖಾಲಿ ಜಾಗಕ್ಕೆ ಪೈಥಾನ್‌ನಲ್ಲಿ ಅರ್ಥವಿದೆ. ಲೂಪಿನ ಒಳಗಿನ ಸಾಲನ್ನು ಹೊರಗೆ ಬರೆದರೆ ಎರರ್ ಏನೂ ಬರದೆ ತಪ್ಪು ಉತ್ತರ ಬರುತ್ತದೆ.

3. ಅರ್ಧಿಸುವ ವಿಧಾನದಿಂದ ನ್ಯೂಟನ್-ರಾಫ್ಸನ್‌ಗೆ

ಈಗ ತೇಲುಗುಂಡಿನ ಲೆಕ್ಕವನ್ನು ಪ್ರೋಗ್ರಾಂ ಆಗಿ ಬರೆಯಿರಿ. ಸಮೀಕರಣದ ಎಡಬದಿಯನ್ನು ಪ್ರತ್ಯೇಕ ಫಂಕ್ಷನ್ ಮಾಡಿ (ಫಂಕ್ಷನ್ ಅಂದರೆ ಹೆಸರಿಟ್ಟು ಬೇಕಾದಾಗ ಕರೆಯಬಹುದಾದ ಪ್ರೋಗ್ರಾಂ ತುಂಡು), ಆಗ ನಾಳೆ ಬೇರೆ ಸಮೀಕರಣಕ್ಕೂ ಅದೇ ಪ್ರೋಗ್ರಾಂ ಸಾಕು. ಉತ್ತರ 1.13414 ಬರಬೇಕು, ಮೊದಲ ಐದಾರು ಸಾಲು ನಿಮ್ಮ ನೋಟ್‌ಬುಕ್ಕಿನ ಕಂಬಸಾಲಿಗೆ ಸರಿಹೊಂದಬೇಕು. ಆಮೇಲೆ ಅದೇ ಗುಂಡನ್ನು ಕಾಳಿ ಹೊಳೆಯ ಸಿಹಿನೀರಿಗೆ ಹಾಕಿ: ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು 1.025 ಪಟ್ಟು ಸಾಂದ್ರ, ಆದ್ದರಿಂದ 0.6 ಇದ್ದದ್ದು 0.615 ಆಗುತ್ತದೆ, 2.4ರ ಜಾಗದಲ್ಲಿ 2.46 ಬರುತ್ತದೆ. ಗುಂಡಿನ ತ್ರಿಜ್ಯ 10 ಸೆಂ.ಮೀ. ಇದ್ದರೆ ಹೊಳೆಯಲ್ಲಿ ಸುಮಾರು 2 ಮಿ.ಮೀ. ಹೆಚ್ಚು ಮುಳುಗುತ್ತದೆ.

ನ್ಯೂಟನ್-ರಾಫ್ಸನ್ ವಿಧಾನ ಇನ್ನೂ ವೇಗ. ಈಗಿರುವ ಊಹೆಯಿಂದ (ಬೆಲೆ ÷ ಅವಕಲನ) ಕಳೆದರೆ ಹೊಸ ಊಹೆ. 1ರಿಂದ ಹೊರಟರೆ ಮೊದಲ ಹೆಜ್ಜೆಗೆ 1.1333, ಎರಡನೆಯದಕ್ಕೇ 1.13414. ಅರ್ಧಿಸುವ ವಿಧಾನಕ್ಕೆ ಹದಿನೈದಕ್ಕೂ ಹೆಚ್ಚು ಹೆಜ್ಜೆ ಬೇಕಾದದ್ದು ಇಲ್ಲಿ ಎರಡರಲ್ಲಿ ಮುಗಿಯಿತು.

ಆದರೆ ಇದೇ ಲೆಕ್ಕವನ್ನು 0ಯಿಂದ ಹೊರಡಿಸಿ ನೋಡಿ. ಅಲ್ಲಿ ಅವಕಲನ ಸೊನ್ನೆ, ಸೊನ್ನೆಯಿಂದ ಭಾಗಿಸಲಾಗದೆ ಪ್ರೋಗ್ರಾಂ ನಿಲ್ಲುತ್ತದೆ. 2ರಿಂದ ಹೊರಟರೂ ಇದೇ ಗತಿ. ನ್ಯೂಟನ್ ವಿಧಾನಕ್ಕೆ ಒಳ್ಳೆಯ ಆರಂಭ ಬೇಕೇ ಬೇಕು. ಅರ್ಧಿಸುವ ವಿಧಾನ ನಿಧಾನವಾದರೂ ಚಿಹ್ನೆ ಬದಲಾಗುವ ಎರಡು ತುದಿ ಸಿಕ್ಕ ಮೇಲೆ ಕೈ ಕೊಡುವುದಿಲ್ಲ. ಮೊದಲು ಅರ್ಧಿಸಿ ಹತ್ತಿರ ಹೋಗಿ, ಆಮೇಲೆ ನ್ಯೂಟನ್ ಬಳಸಿ. ಲೂಪಿಗೆ ಗರಿಷ್ಠ ಎಷ್ಟು ಸಲ ಎಂಬ ಮಿತಿಯನ್ನೂ ಹಾಕಿ, ಇಲ್ಲದಿದ್ದರೆ ದಾರಿ ತಪ್ಪಿದ ಪ್ರೋಗ್ರಾಂ ತಿರುಗುತ್ತಲೇ ಇರುತ್ತದೆ.

4. ಕಂಪ್ಯೂಟರಿನ 0.1 ನಮ್ಮ 0.1 ಅಲ್ಲ

ಲೂಪಿನಲ್ಲಿ 0.1 ಅನ್ನು ಹತ್ತು ಸಲ ಕೂಡಿಸಿ, ಉತ್ತರ 1ಕ್ಕೆ ಸಮವೇ ಎಂದು ಕೇಳಿ. ಅಲ್ಲ ಎನ್ನುತ್ತದೆ. 0.9999999999999999 ಬಂದಿರುತ್ತದೆ. ಕಂಪ್ಯೂಟರ್ ಸಂಖ್ಯೆಯನ್ನು ಎರಡರ ಘಾತಗಳಲ್ಲಿ ಇಡುತ್ತದೆ. ಮೂರರಲ್ಲಿ ಒಂದನ್ನು ನಾವು ದಶಮಾಂಶದಲ್ಲಿ ಪೂರ್ತಿ ಬರೆಯಲಾಗದ ಹಾಗೆ, ಹತ್ತರಲ್ಲಿ ಒಂದನ್ನು ಅದು ಪೂರ್ತಿ ಬರೆಯಲಾರದು. ಸುಮಾರು ಹದಿನಾರನೆಯ ಅಂಕಿಯಲ್ಲಿ ಕತ್ತರಿಸಿಬಿಡುತ್ತದೆ. ಇದಕ್ಕೆ ರೌಂಡ್-ಆಫ್ ದೋಷ ಎನ್ನುತ್ತಾರೆ.

ಇದು ಪುಸ್ತಕದ ಮಾತಲ್ಲ. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಎದುರಾಳಿ ಕ್ಷಿಪಣಿಯನ್ನು ತಡೆಯಲಾಗದೆ 28 ಸೈನಿಕರು ಸತ್ತರು. ಅದರ ಗಡಿಯಾರ ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ಎಣಿಸುತ್ತಿತ್ತು. ಆ 0.1ರೊಳಗಿನ ಸಣ್ಣ ದೋಷ ಸುಮಾರು 100 ಗಂಟೆಗಳಲ್ಲಿ ಬೆಳೆದು 0.34 ಸೆಕೆಂಡಿನಷ್ಟಾಗಿತ್ತು.

ನೀವು ರೂಢಿಸಿಕೊಳ್ಳಬೇಕಾದದ್ದು ಮೂರು. ದಶಮಾಂಶ ಸಂಖ್ಯೆಗಳು ಸಮವೇ ಎಂದು ಕೇಳಬೇಡಿ, ಅವುಗಳ ವ್ಯತ್ಯಾಸ ಸಾಕಷ್ಟು ಚಿಕ್ಕದೇ ಎಂದು ಕೇಳಿ. ಕಾಲವನ್ನು ಹೆಜ್ಜೆ ಹೆಜ್ಜೆಯಾಗಿ ಕೂಡಿಸುತ್ತ ಹೋಗುವ ಬದಲು (ಹೆಜ್ಜೆಯ ಸಂಖ್ಯೆ × ಹೆಜ್ಜೆಯ ಉದ್ದ) ಎಂದು ಪ್ರತಿ ಸಲ ಹೊಸದಾಗಿ ಗುಣಿಸಿ. ಹೆಚ್ಚುಕಡಿಮೆ ಸಮ ಇರುವ ಎರಡು ದೊಡ್ಡ ಸಂಖ್ಯೆಗಳನ್ನು ಕಳೆಯುವ ಪ್ರಸಂಗ ಬಂದರೆ ಸೂತ್ರವನ್ನೇ ಬೇರೆ ರೂಪದಲ್ಲಿ ಬರೆಯಲು ನೋಡಿ, ಏಕೆಂದರೆ ನಂಬಬಹುದಾದ ಅಂಕಿಗಳೆಲ್ಲ ಆ ಕಳೆಯುವಿಕೆಯಲ್ಲೇ ಹೋಗಿಬಿಡುತ್ತವೆ.

5. ಅನುಕಲನ

ಇದು ಬೇಗ ಆಗುವ ಹಂತ. ಹೊಳೆಯ ಅಡ್ಡಕೊಯ್ತದಲ್ಲಿ ಅಲ್ಲಲ್ಲಿ ಅಳೆದ ಆಳದಿಂದ ಕ್ಷೇತ್ರಫಲ ತೆಗೆಯುವ ಹಾಗೆ, ಟ್ರೆಪಿಜಾಯ್ಡಲ್ (ಪ್ರತಿ ತುಂಡಿನ ಮೇಲ್ತುದಿಯನ್ನು ನೇರ ಗೆರೆ ಎಂದುಕೊಳ್ಳುವ) ಮತ್ತು ಸಿಂಪ್ಸನ್ (ಅದನ್ನು ಪ್ಯಾರಾಬೋಲಾದ ತುಂಡು ಎಂದುಕೊಳ್ಳುವ) ನಿಯಮಗಳನ್ನು ಬರೆಯಿರಿ. ಪರೀಕ್ಷೆಗೆ ಘನ ಫಂಕ್ಷನ್ (x³) ಕೊಡಿ: 0ಯಿಂದ 1ರವರೆಗೆ ಅದರ ಅನುಕಲನ 0.25. ಸಿಂಪ್ಸನ್ ಎರಡೇ ತುಂಡಿನಲ್ಲಿ ಸರಿಯಾಗಿ 0.25 ಕೊಡಬೇಕು. ಟ್ರೆಪಿಜಾಯ್ಡಲ್‌ನಲ್ಲಿ ತುಂಡುಗಳನ್ನು ಇಮ್ಮಡಿ ಮಾಡಿದಾಗಲೆಲ್ಲ ದೋಷ ನಾಲ್ಕನೇ ಒಂದಕ್ಕೆ ಇಳಿಯಬೇಕು. ಇಳಿಯದಿದ್ದರೆ ಪ್ರೋಗ್ರಾಂನಲ್ಲಿ ತಪ್ಪಿದೆ, ಹೆಚ್ಚಾಗಿ ತುದಿಯ ಬಿಂದುಗಳಲ್ಲಿ.

6. ಕಾಲದೊಂದಿಗೆ ಬದಲಾಗುವ ಲೆಕ್ಕ: ಕೈಗಾದ ಉದಾಹರಣೆ

ಇಲ್ಲಿ ನಿಧಾನವಾಗಿ ಹೋಗಿ. ವಿಜ್ಞಾನದ ಬಹುಪಾಲು ಸಮಸ್ಯೆಗಳು ಕೊನೆಗೆ ಅವಕಲನ ಸಮೀಕರಣಗಳೇ.

ಕಾಳಿ ಹೊಳೆಯ ದಂಡೆಯ ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ರಿಯಾಕ್ಟರ್‌ಗಳು ಇವೆ. ಯುರೇನಿಯಂ ವಿದಳನದಿಂದ ಅಯೋಡಿನ್-135 ಹುಟ್ಟುತ್ತದೆ, ಅದರ ಅರ್ಧಾಯುಷ್ಯ 6.57 ಗಂಟೆ. ಅದು ಕ್ಷಯಿಸಿ ಕ್ಸೆನಾನ್-135 ಆಗುತ್ತದೆ, ಅದರ ಅರ್ಧಾಯುಷ್ಯ 9.14 ಗಂಟೆ. ಕ್ಸೆನಾನ್-135 ನ್ಯೂಟ್ರಾನ್‌ಗಳನ್ನು ವಿಪರೀತವಾಗಿ ಹೀರುತ್ತದೆ. ರಿಯಾಕ್ಟರ್ ನಡೆಯುವಾಗ ಹಾಗೆ ಹೀರುತ್ತಲೇ ಅದು ಬೇರೆ ಐಸೊಟೋಪ್ ಆಗಿ ಕಡಿಮೆಯಾಗುತ್ತಿರುತ್ತದೆ. ನಿಲ್ಲಿಸಿದ ಮೇಲೆ ಆ ದಾರಿ ಮುಚ್ಚಿತು, ಅಯೋಡಿನ್‌ನಿಂದ ಬರುವುದು ಮಾತ್ರ ನಿಲ್ಲಲಿಲ್ಲ. ಹಾಗಾಗಿ ಕೆಲವು ಗಂಟೆ ಕ್ಸೆನಾನ್ ಏರುತ್ತಲೇ ಹೋಗುತ್ತದೆ. ನಿಲ್ಲಿಸಿದ ರಿಯಾಕ್ಟರನ್ನು ಮತ್ತೆ ಯಾವಾಗ ಚಾಲೂ ಮಾಡಬಹುದು ಎಂಬ ಪ್ರಶ್ನೆಗೆ ಈ ಲೆಕ್ಕ ಬೇಕು.

ಮೊದಲು ಅಯೋಡಿನ್ ಒಂದನ್ನೇ ತೆಗೆದುಕೊಳ್ಳಿ. ಕ್ಷಯಾಂಕ (0.6931 ÷ ಅರ್ಧಾಯುಷ್ಯ) ಗಂಟೆಗೆ 0.1055. ಆಯ್ಲರ್ ವಿಧಾನ ಅತಿ ಸರಳ:

ಹೊಸ ಪ್ರಮಾಣ = ಹಳೆಯ ಪ್ರಮಾಣ + ಹೆಜ್ಜೆ × ಬದಲಾವಣೆಯ ದರ

ಇಲ್ಲಿ ದರ ಅಂದರೆ (−ಕ್ಷಯಾಂಕ × ಹಳೆಯ ಪ್ರಮಾಣ). ಶುರುವಿನ ಪ್ರಮಾಣವನ್ನು 1 ಎಂದಿಟ್ಟರೆ 6.57 ಗಂಟೆಯ ನಂತರ ಉತ್ತರ 0.5 ಬರಬೇಕೆಂದು ನಮಗೆ ಗೊತ್ತು. ಹತ್ತು ಹೆಜ್ಜೆಯಲ್ಲಿ ಹೋದರೆ 0.4876, ಇಪ್ಪತ್ತು ಹೆಜ್ಜೆಯಲ್ಲಿ 0.4939. ಹೆಜ್ಜೆ ಅರ್ಧವಾದಾಗ ದೋಷವೂ ಅರ್ಧವಾಯಿತು, ಆಯ್ಲರ್‌ನ ಗುಣವೇ ಅದು. ಈಗ ನಾಲ್ಕನೇ ದರ್ಜೆಯ ರುಂಗೆ-ಕುಟ್ಟ ವಿಧಾನ ಬರೆಯಿರಿ. ಅದು ಒಂದು ಹೆಜ್ಜೆಯೊಳಗೆ ನಾಲ್ಕು ಕಡೆ ದರ ನೋಡಿ ತೂಕದ ಸರಾಸರಿ ತೆಗೆಯುತ್ತದೆ. ಪೂರ್ತಿ 6.57 ಗಂಟೆಯನ್ನು ಒಂದೇ ಹೆಜ್ಜೆಯಲ್ಲಿ ದಾಟಿಸಿದರೂ 0.5012 ಬರುತ್ತದೆ. ಆಯ್ಲರ್ ಹತ್ತು ಸಲ ದರ ಲೆಕ್ಕ ಹಾಕಿ ಕೊಟ್ಟದ್ದಕ್ಕಿಂತ ಇದು ನಾಲ್ಕೇ ಸಲಕ್ಕೆ ಎಷ್ಟೋ ಹತ್ತಿರ.

ಹೆಜ್ಜೆಯನ್ನು ಬೇಕೆಂದೇ ದೊಡ್ಡದು ಮಾಡಿಯೂ ನೋಡಬೇಕು. ಆಯ್ಲರ್‌ನಲ್ಲಿ 20 ಗಂಟೆಯ ಹೆಜ್ಜೆ ಕೊಟ್ಟರೆ ಪ್ರತಿ ಹೆಜ್ಜೆಗೂ ಪ್ರಮಾಣ −1.11ರಿಂದ ಗುಣಿಸಲ್ಪಡುತ್ತದೆ: ಒಮ್ಮೆ ಋಣ, ಒಮ್ಮೆ ಧನ, ಪ್ರತಿ ಸಲ ಮೊದಲಿಗಿಂತ ದೊಡ್ಡದು. ಕರಗಬೇಕಾದ ವಸ್ತು ಬೆಳೆಯುತ್ತಿದೆ! ಇದನ್ನು ಅಸ್ಥಿರತೆ ಎನ್ನುತ್ತಾರೆ. ನಿಮ್ಮ ಗ್ರಾಫಿನಲ್ಲಿ ಗರಗಸದ ಹಲ್ಲಿನಂಥ ಆಕಾರ ಕಂಡರೆ ವಿಜ್ಞಾನದಲ್ಲಿ ಹೊಸದೇನೋ ಸಿಕ್ಕಿತು ಎಂದುಕೊಳ್ಳಬೇಡಿ, ಮೊದಲು ಹೆಜ್ಜೆ ಚಿಕ್ಕದು ಮಾಡಿ.

ಆಮೇಲೆ ಕ್ಸೆನಾನ್ ಸೇರಿಸಿ. ಅದರ ದರ = ಅಯೋಡಿನ್‌ನಿಂದ ಬರುವುದು − ತಾನೇ ಕ್ಷಯಿಸುವುದು. ಶುರುವಿನಲ್ಲಿ ಅಯೋಡಿನ್ 1, ಕ್ಸೆನಾನ್ 0 ಎಂದಿಡಿ. ನಿಜವಾದ ರಿಯಾಕ್ಟರಿನಲ್ಲಿ ಸೊನ್ನೆ ಇರುವುದಿಲ್ಲ, ಆದರೆ ಹೀಗಿಟ್ಟರೆ ಕೈಲೆಕ್ಕದಿಂದ ಉತ್ತರ ಸಿಗುತ್ತದೆ: ಕ್ಸೆನಾನ್ ಗರಿಷ್ಠ ಮಟ್ಟ ಮುಟ್ಟುವುದು 11.13 ಗಂಟೆಗೆ. ನಿಮ್ಮ ಪ್ರೋಗ್ರಾಂ ಇದನ್ನು ಕೊಡಬೇಕು. ಆಯ್ಲರ್‌ನಲ್ಲಿ ಸ್ವಲ್ಪ ಆಚೀಚೆ ಬಂದರೆ ಹತ್ತರಲ್ಲಿ ಆರು ಮಂದಿಯದು ಎನ್ನುವಷ್ಟು ಸಾಮಾನ್ಯವಾದ ಒಂದು ತಪ್ಪನ್ನು ಹುಡುಕಿ: ಅಯೋಡಿನ್‌ನ ಬೆಲೆಯನ್ನು ಮೊದಲು ಬದಲಿಸಿ, ಆ ಹೊಸ ಬೆಲೆಯನ್ನೇ ಕ್ಸೆನಾನ್‌ನ ದರಕ್ಕೆ ಹಾಕಿರುತ್ತೀರಿ. ಎರಡೂ ದರಗಳನ್ನು ಹಳೆಯ ಬೆಲೆಗಳಿಂದಲೇ ತೆಗೆದು, ಆಮೇಲೆ ಎರಡನ್ನೂ ಒಟ್ಟಿಗೆ ಮುಂದಕ್ಕೆ ಸರಿಸಿ.

ಸಿಕ್ಕಿಹಾಕಿಕೊಂಡಾಗ ಯಾರನ್ನಾದರೂ ಕೇಳಬೇಕಾಗುತ್ತದೆ, ಅದರಲ್ಲಿ ಸಂಕೋಚ ಬೇಡ. ಸ್ಕ್ರೀನಿನ ಫೋಟೋ ತೆಗೆದು "ಸರ್, ಬರ್ತಾ ಇಲ್ಲ" ಎಂದು ಕಳಿಸಿದರೆ ಯಾರೂ ಸಹಾಯ ಮಾಡಲಾರರು. ಪ್ರೋಗ್ರಾಮನ್ನು ಪಠ್ಯವಾಗಿ ಕಳಿಸಿ. ಯಾವ ಲೆಕ್ಕ ಕೊಟ್ಟಿರಿ, ಏನು ಬರಬೇಕಿತ್ತು, ಏನು ಬಂತು ಎಂಬುದನ್ನು ಬರೆಯಿರಿ. ಎರರ್ ಬಂದಿದ್ದರೆ ಅದರ ಕೊನೆಯ ಸಾಲನ್ನು ಇದ್ದ ಹಾಗೇ ಹಾಕಿ, ಕಾರಣ ಇರುವುದು ಅಲ್ಲಿ.

7. ಸಿದ್ಧ ಫಂಕ್ಷನ್‌ಗಳು

ಇಷ್ಟು ಮಾಡಿದ ಮೇಲೆ ನಂಪೈ (ಸಂಖ್ಯೆಗಳ ಸಾಲು, ಕೋಷ್ಟಕಗಳಿಗೆ), ಸೈಪೈ (ವಿಧಾನಗಳಿಗೆ), ಮ್ಯಾಟ್‌ಪ್ಲಾಟ್‌ಲಿಬ್ (ಗ್ರಾಫಿಗೆ) ಬಳಸಿ. ಅವುಗಳೊಳಗಿನ ಫಂಕ್ಷನ್‌ಗಳು ನಾವು ನೀವು ಬರೆಯುವುದಕ್ಕಿಂತ ಖಂಡಿತ ಚೆನ್ನಾಗಿವೆ. ಮೊದಲೇ ಅವನ್ನು ಹಿಡಿದವರಿಗೆ ಉತ್ತರ ಕೈಕೊಟ್ಟಾಗ ಎಲ್ಲಿ ನೋಡಬೇಕೆಂದು ತಿಳಿಯುವುದಿಲ್ಲ. ಅದಕ್ಕೇ ಇಲ್ಲಿಯ ತನಕ ಕಾಯಿಸಿದೆ. ನಂಪೈಯಲ್ಲಿ ಒಂದು ಎಚ್ಚರಿಕೆ: ಒಂದು ಅರೇಗೆ (ಸಂಖ್ಯೆಗಳ ಸಾಲಿಗೆ) ಇನ್ನೊಂದು ಹೆಸರು ಕೊಟ್ಟರೆ ಪ್ರತಿ ಆಗುವುದಿಲ್ಲ. ಒಂದನ್ನು ತಿದ್ದಿದರೆ ಇನ್ನೊಂದೂ ಬದಲಾಗುತ್ತದೆ.

8. ನಮ್ಮದೇ ಸಮುದ್ರದ ಲೆಕ್ಕ: ಉಬ್ಬರವಿಳಿತ

ಕರಾವಳಿಯ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಇಲ್ಲ ಎಂದು ನನ್ನ ಖಚಿತ ಅಭಿಪ್ರಾಯ. ಕಾರವಾರದಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಎರಡು ಉಬ್ಬರಗಳ ಎತ್ತರ ಒಂದೇ ಅಲ್ಲ. ಈ ಏರಿಳಿತವನ್ನು ನಿಗದಿತ ಅವಧಿಯ ಅಲೆಗಳ ಮೊತ್ತವಾಗಿ ಬರೆಯಬಹುದು. ಮುಖ್ಯವಾದವು ನಾಲ್ಕು: ಚಂದ್ರನ ಎಂ2 (12.42 ಗಂಟೆ), ಸೂರ್ಯನ ಎಸ್2 (12 ಗಂಟೆ), ದಿನಕ್ಕೊಮ್ಮೆ ಬರುವ ಕೆ1 (23.93 ಗಂಟೆ) ಮತ್ತು ಒ1 (25.82 ಗಂಟೆ). ಅವಧಿಗಳನ್ನು ಖಗೋಳ ಗಣಿತ ಕೊಟ್ಟುಬಿಟ್ಟಿದೆ. ನಿಮ್ಮ ಬಂದರಿನಲ್ಲಿ ಪ್ರತಿಯೊಂದು ಅಲೆಯೂ ಎಷ್ಟು ಎತ್ತರ ಎಂಬುದನ್ನು ನೀವು ಕಂಡುಹಿಡಿಯಬೇಕು.

ಪ್ರತಿ ಅಲೆಯನ್ನೂ (ಒಂದು ಗುಣಾಂಕ × ಕೊಸೈನ್ + ಇನ್ನೊಂದು ಗುಣಾಂಕ × ಸೈನ್) ಎಂದು ಬರೆಯಿರಿ. ನಾಲ್ಕು ಅಲೆಗೆ ಎಂಟು ಗುಣಾಂಕ, ಸರಾಸರಿ ನೀರಿನ ಮಟ್ಟ ಸೇರಿ ಒಂಬತ್ತು ಅಜ್ಞಾತಗಳು. ಗಂಟೆಗೊಂದರಂತೆ ಹದಿನೈದು ದಿನ ಅಳೆದರೆ 360 ಅಳತೆ. 360 ಸಮೀಕರಣಗಳಿಗೆ ಒಂಬತ್ತೇ ಅಜ್ಞಾತ, ಎಲ್ಲವೂ ಒಟ್ಟಿಗೆ ಸರಿಹೊಂದುವುದಿಲ್ಲ. ಉಳಿಯುವ ವ್ಯತ್ಯಾಸಗಳ ವರ್ಗಗಳ ಮೊತ್ತ ಅತಿ ಕಡಿಮೆ ಆಗುವಂತೆ ಗುಣಾಂಕಗಳನ್ನು ಆರಿಸುವುದೇ ಲೀಸ್ಟ್ ಸ್ಕ್ವೇರ್ಸ್, ಅಂದರೆ ಕನಿಷ್ಠ ವರ್ಗಗಳ ವಿಧಾನ. ನಂಪೈಯಲ್ಲಿ ಅದಕ್ಕೆ ಸಿದ್ಧ ಫಂಕ್ಷನ್ ಇದೆ. ಎರಡು ಗುಣಾಂಕಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಆ ಅಲೆಯ ಎತ್ತರ ಸಿಗುತ್ತದೆ.

ಅಳತೆ ಎಲ್ಲಿಂದ? ಭಾರತೀಯ ಸರ್ವೇಕ್ಷಣಾ ಇಲಾಖೆ ವರ್ಷವರ್ಷ ಉಬ್ಬರವಿಳಿತದ ಕೋಷ್ಟಕ ಪ್ರಕಟಿಸುತ್ತದೆ. ಆದರೆ ಅದರಲ್ಲಿರುವುದು ಲೆಕ್ಕ ಹಾಕಿದ ಮುನ್ಸೂಚನೆ. ಆಗುವುದಾದರೆ ನಾಲ್ಕೈದು ಗೆಳೆಯರು ಸರದಿ ಹಾಕಿಕೊಂಡು, ತದಡಿಯಂಥ ಜೆಟ್ಟಿಯ ಕಂಬಕ್ಕೆ ಸೆಂ.ಮೀ. ಗುರುತು ಮಾಡಿ, ಅನುಮತಿ ಪಡೆದು ನೀವೇ ಅಳೆಯಿರಿ. ಅಲೆ ಆಡುತ್ತಿರುತ್ತದೆ, ಆದ್ದರಿಂದ ಒಂದೆರಡು ನಿಮಿಷ ನೋಡಿ ಮೇಲಿನದರ ಮತ್ತು ಕೆಳಗಿನದರ ಸರಾಸರಿ ಬರೆಯಿರಿ. ಮಳೆಗಾಲದಲ್ಲಿ ಜೆಟ್ಟಿಯ ಅಂಚಿಗೆ ಹೋಗುವ ಸಾಹಸ ಬೇಡ, ಚಳಿಗಾಲದಲ್ಲಿ ಮಾಡಿ.

ಇಲ್ಲಿ ದಾರಿ ತಪ್ಪುವ ಜಾಗಗಳು ಹಲವು.

ದಿನಕ್ಕೊಮ್ಮೆ ಅದೇ ಹೊತ್ತಿಗೆ ಅಳೆದರೆ ಕೆಲಸಕ್ಕೆ ಬಾರದು. ಎಸ್2ನ ಅವಧಿ ಸರಿಯಾಗಿ 12 ಗಂಟೆ, ಪ್ರತಿದಿನ ಬೆಳಿಗ್ಗೆ ಎಂಟಕ್ಕೆ ನೋಡಿದರೆ ಅದು ಒಂದೇ ಬೆಲೆಯಲ್ಲಿ ನಿಂತಂತೆ ಕಾಣುತ್ತದೆ, ಎಂ2 ಹದಿನೈದು ದಿನದ ನಿಧಾನದ ಅಲೆಯಂತೆ ಕಾಣುತ್ತದೆ. ಹೀಗೆ ವಿರಳ ಅಳತೆಯಿಂದ ವೇಗದ ಅಲೆ ನಿಧಾನದ ಅಲೆಯ ವೇಷದಲ್ಲಿ ಬರುವುದಕ್ಕೆ ಏಲಿಯಾಸಿಂಗ್ ಎನ್ನುತ್ತಾರೆ.

ಮೂರು ನಾಲ್ಕು ದಿನದ ಅಳತೆ ಸಾಲದು. ಎಂ2 ಮತ್ತು ಎಸ್2 ಒಂದಕ್ಕೊಂದು ಹೊಂದಿ, ಬೇರೆಯಾಗಿ, ಮತ್ತೆ ಹೊಂದಲು 14.77 ದಿನ ಬೇಕು. ಹುಣ್ಣಿಮೆ, ಅಮಾವಾಸ್ಯೆಗೆ ದೊಡ್ಡ ಉಬ್ಬರ ಬರುವುದು ಇದರಿಂದಲೇ. ಅದಕ್ಕಿಂತ ಕಡಿಮೆ ಅಳತೆ ಕೊಟ್ಟರೆ ಪ್ರೋಗ್ರಾಂ ಎರಡನ್ನೂ ಬೇರ್ಪಡಿಸಲಾರದು, ಆದರೂ ಏನೋ ಎರಡು ಸಂಖ್ಯೆ ಕೊಟ್ಟುಬಿಡುತ್ತದೆ.

ನಡುವೆ ಕೆಲವು ಗಂಟೆಯ ಅಳತೆ ತಪ್ಪಿದರೆ ಚಿಂತೆ ಇಲ್ಲ, ಈ ವಿಧಾನಕ್ಕೆ ಸಮ ಅಂತರ ಬೇಕಿಲ್ಲ. ತಪ್ಪಿದ ಜಾಗಕ್ಕೆ ಸೊನ್ನೆ ಮಾತ್ರ ತುಂಬಬೇಡಿ. ಹಗಲಿನ ಅಳತೆ ಮಾತ್ರ ಇದ್ದರೆ ದಿನಕ್ಕೊಮ್ಮೆಯ ಕೆ1 ಸರಿಯಾಗಿ ಸಿಗುವುದಿಲ್ಲ, ಅದಕ್ಕೆ ರಾತ್ರಿಯದೂ ಬೇಕು. ಕಾಲವನ್ನು ಒಂದೇ ಆರಂಭದಿಂದ ಗಂಟೆಗಳಲ್ಲಿ ಎಣಿಸಿ, ಪ್ರತಿ ಮಧ್ಯರಾತ್ರಿಗೆ ಮತ್ತೆ ಸೊನ್ನೆಗೆ ಬರಬಾರದು. ಸೈನ್, ಕೊಸೈನ್‌ಗಳಿಗೆ ಕೋನವನ್ನು (2 × ಪೈ × ಕಾಲ ÷ ಅಲೆಯ ಅವಧಿ) ರೇಡಿಯನ್‌ನಲ್ಲೇ ಕೊಡಿ.

ಅಳತೆ ಹಾಕುವ ಮೊದಲು, ಆ ಹಳೆಯ ನಿಯಮ: ನಾಲ್ಕು ಅಲೆಗಳ ಎತ್ತರವನ್ನು ನೀವೇ ಇಷ್ಟದಂತೆ ಇಟ್ಟು ಕೃತಕ ದತ್ತಾಂಶ ಮಾಡಿ, ಅದಕ್ಕೆ ನಾಲ್ಕೈದು ಸೆಂ.ಮೀ.ನಷ್ಟು ಯಾದೃಚ್ಛಿಕ ದೋಷ ಬೆರೆಸಿ, ಪ್ರೋಗ್ರಾಂಗೆ ಕೊಡಿ. ಇಟ್ಟ ಎತ್ತರಗಳೇ ಹೆಚ್ಚುಕಡಿಮೆ ಮರಳಿ ಬರಬೇಕು. ಬಂದರೆ ನಿಜವಾದ ಅಳತೆ ಕೊಡಿ. ಆಗಲೂ ಎಲ್ಲವನ್ನೂ ಒಟ್ಟಿಗೆ ಕೊಡಬೇಡಿ. ಹದಿನೆಂಟು ದಿನ ಅಳೆದಿದ್ದರೆ ಮೊದಲ ಹದಿನೈದರಿಂದ ಗುಣಾಂಕ ತೆಗೆದು, ಉಳಿದ ಮೂರು ದಿನದ ನೀರಿನ ಮಟ್ಟವನ್ನು ಪ್ರೋಗ್ರಾಂನಿಂದ ಹೇಳಿಸಿ, ಅಳತೆಯ ಜೊತೆ ಒಂದೇ ಗ್ರಾಫಿನಲ್ಲಿ ಹಾಕಿ.

ಅಳತೆಯಿಂದ ಲೆಕ್ಕವನ್ನು ಕಳೆದು ಉಳಿದದ್ದನ್ನೂ ಪ್ರತ್ಯೇಕ ಗ್ರಾಫ್ ಮಾಡಿ. ಅದರಲ್ಲಿ ಇನ್ನೂ ಅಲೆಯ ಆಕಾರ ಕಂಡರೆ ಬಿಟ್ಟುಹೋದ ಅಲೆ ಯಾವುದೋ ಇದೆ. ಅಳತೆಯೆಲ್ಲ ಒಂದೇ ಬದಿಗೆ ಸರಿದಿದ್ದರೆ ಗಾಳಿಯೋ ಹೊಳೆಯ ನೀರೋ ಕಾರಣ ಇರಬಹುದು. ಚಂದ್ರ, ಸೂರ್ಯರ ನಾಲ್ಕು ಅಲೆಗಳಲ್ಲಿ ಅವು ಇಲ್ಲ. ಅಘನಾಶಿನಿಯ ಅಳಿವೆಯಲ್ಲಿ ಅಳೆದವರು ತಮ್ಮ ಉಳಿಕೆಯ ಗ್ರಾಫನ್ನು ಆ ದಿನಗಳ ಮಳೆಯ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ, ಮುಂದಿನ ಪ್ರೋಗ್ರಾಂಗೆ ವಿಷಯ ಅಲ್ಲೇ ಸಿಗುತ್ತದೆ.